ಇಂಪೋರ್ಟ್ ಆಯ್ತು, ಮಗ್ಗದ ಗುಂಡಿ ಎಲ್ಲಿ?

ಬಹಳ ದಿನದಿಂದ ಇದನ್ನ ಬರೀಬೇಕು ಅಂತಿದ್ದೆ, ಆಗಿರಲಿಲ್ಲ. ಕಥೆ, ಕವನ, ಪ್ರವಾಸ ಅಂತ ಚೆಂದ ಚೆಂದ ಬರೆಯೋರ ನಡುವೆ ಸಿಮೆಂಟು-ಜಲ್ಲಿ ಲೆಕ್ಕ ಹಾಕೋ ನಾನು ಏನು ಬರೀಲಿ ಅನ್ನೋ ಸಂಕೋಚ ಬೇರೆ. ಆದರೆ ಈ ಸಲದ ವಿಷಯಕ್ಕೂ ಕನ್ನಡ ಅಕ್ಷರಕ್ಕೂ ನೇರ ನಂಟಿದೆ. ಅದಕ್ಕೇ ಧೈರ್ಯ ಮಾಡಿದ್ದೀನಿ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ :-)

ಹೊಸದಾಗಿ ಬಂದವರಿಗೆ ನನ್ನ ಕೆಲಸದ ಬಗ್ಗೆ ಎರಡು ಮಾತು. ಚಳ್ಳಕೆರೆಯಲ್ಲಿ ನನ್ನದೊಂದು ಒಂದೇ ಕೋಣೆಯ ಆಫೀಸು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಸಹಾಯಕ್ಕೆ ಒಬ್ಬ ಹುಡುಗ. ಮನೆ ಸಾಲಕ್ಕೆ ಬ್ಯಾಂಕಿಗೆ ಕೊಡೋ ಎಸ್ಟಿಮೇಟು, ಸಣ್ಣ ಕಂಟ್ರಾಕ್ಟರುಗಳ ಟೆಂಡರ್ ಲೆಕ್ಕ, ಬಿಲ್ಲು, ಇಷ್ಟೇ ನಮ್ಮ ವ್ಯಾಪಾರ. ಡಿಪ್ಲೊಮಾ ಸಿವಿಲ್ ಮುಗಿಸಿ ಬಂದ ಹೊಸದರಲ್ಲಿ ಫುಲ್‌ಸ್ಕೇಪ್ ಹಾಳೆ, ಕಾರ್ಬನ್ನು, ಕ್ಯಾಲ್ಕುಲೇಟರು. ಆಮೇಲೆ ಸ್ಪ್ರೆಡ್‌ಶೀಟು ಬಂತು. ಈಗ ಎಸ್ಟಿಮೇಟಿಂಗ್ ಸಾಫ್ಟ್‌ವೇರ್. ಯಾವುದು ಅಂತ ಹೆಸರು ಕೇಳಬೇಡಿ. ನಾನು ಕಂಡ ಎಲ್ಲವೂ ಹೆಚ್ಚುಕಮ್ಮಿ ಒಂದೇ ಜಾತಿ.

ಈ ಸಾಫ್ಟ್‌ವೇರುಗಳನ್ನ ಮಾರೋಕೆ ಬರೋರು ಮೊದಲು ತೋರಿಸೋದು 'ಇಂಪೋರ್ಟ್' ಅನ್ನೋ ಬಟನ್ನು. "ಸಾರ್, ಪ್ಲಾನ್ ಫೈಲ್ ಕೊಡಿ, ಹಳೇ ಎಸ್ಟಿಮೇಟ್ ಶೀಟ್ ಕೊಡಿ, ಒಂದು ಕ್ಲಿಕ್ ಮಾಡಿ, ಅಷ್ಟೇ. ಗೋಡೆ ಎಷ್ಟು, ಸಿಮೆಂಟ್ ಎಷ್ಟು, ಕಬ್ಬಿಣ ಎಷ್ಟು, ಎಲ್ಲಾ ಅದೇ ಹೇಳುತ್ತೆ." ಹೇಳೋದೇನೋ ಹೇಳುತ್ತೆ. ಏನು ಹೇಳುತ್ತೆ ಅನ್ನೋದೇ ಇವತ್ತಿನ ಕಥೆ.

ಅದಕ್ಕೆ ಮುಂಚೆ ನಮ್ಮ ಕಡೆಯ ಲೆಕ್ಕದ ರೀತಿ ಸ್ವಲ್ಪ ಹೇಳಬೇಕು. ಇಲ್ಲಿ ಮನೆ ಕಟ್ಟೋರು ಮೊದಲು ಕೇಳೋದು "ಚದರಕ್ಕೆ ಎಷ್ಟು?" ಅಂತ. ಒಂದು ಚದರ ಅಂದರೆ ನೂರು ಚದರಡಿ. ಅದಕ್ಕೂ ಹಿಂದೆ ಇದ್ದದ್ದು ಅಂಕಣ. ಎರಡು ಸಾಲು ಕಂಬದ ನಡುವಿನ ಜಾಗ ಒಂದು ಅಂಕಣ. ನಮ್ಮ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಗಳನ್ನ "ಆರಂಕಣದ ಮನೆ, ಎಂಟಂಕಣದ ಮನೆ" ಅಂತಲೇ ಕರೀತಿದ್ದರು. ಅಂಕಣಕ್ಕೆ ಇಷ್ಟೇ ಅಡಿ ಅಂತ ಎಲ್ಲೂ ಬರೆದಿರಲಿಲ್ಲ. ಆದರೂ "ಎಂಟಂಕಣ" ಅಂದರೆ ಸಾಕು, ಎಷ್ಟು ಕಂಬ, ಎಷ್ಟು ತೊಲೆ, ಮಾಳಿಗೆ ಮೇಲೆ ಎಷ್ಟು ಗಾಡಿ ಕರಲು ಮಣ್ಣು ಅನ್ನೋದೆಲ್ಲ ಬಡಗಿಗೂ ಗೊತ್ತು, ಮನೆಯವನಿಗೂ ಗೊತ್ತು. ಪ್ಲಾನು, ಎಸ್ಟಿಮೇಟು, ಕರಾರು ಮೂರೂ ಆ ಒಂದೇ ಪದದಲ್ಲಿತ್ತು. ಯಾಕೆ ಅಂದ್ರೆ ಹೇಳೋನು ಕೇಳೋನು ಇಬ್ಬರೂ ಒಂದೇ ಊರಿನವರು, ಇಬ್ಬರೂ ಅಂಥದೇ ಮನೇಲಿ ಹುಟ್ಟಿ ಬೆಳೆದವರು.

ಫೈಲು ಹಾಗಲ್ಲ ನೋಡಿ. ಅದು ಯಾವ ಊರಲ್ಲೂ ಹುಟ್ಟಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೊಳಕಾಲ್ಮೂರಿನ ಒಬ್ಬ ನೇಕಾರರು ಮನೆ ಕಟ್ಟಿಸೋ ತಯಾರಿ ಮಾಡಿಕೊಂಡು ನಮ್ಮ ಆಫೀಸಿಗೆ ಬಂದರು. ಮೊಳಕಾಲ್ಮೂರು ಅಂದ ಕೂಡಲೇ ನಿಮಗೆ ರೇಷ್ಮೆ ಸೀರೆ ನೆನಪಾಗಿರಬೇಕು. ಅದೇ, ಜಿಐ ಟ್ಯಾಗ್ ಪಡೆದ ಸೀರೆ. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು, ತಳುಕು ದಾಟಿ (ತ.ರಾ.ಸು. ಅವರ ಹೆಸರಿನ 'ತ' ಇದೇ ತಳುಕು), ಬಿ.ಜಿ. ಕೆರೆ ದಾಟಿ ಹೋದರೆ ಗುಡ್ಡ-ಬಂಡೆಗಳ ನಡುವೆ ಆ ಊರು. ಯಜಮಾನರಿಗೆ ಅರವತ್ತರ ಹತ್ತಿರ ವಯಸ್ಸು. 20 ಅಡಿಗೆ 40 ಅಡಿ ಸೈಟು. ಇಷ್ಟು ವರ್ಷದ ಉಳಿತಾಯ ಒಂದಷ್ಟು, ಬಾಕಿಗೆ ಬ್ಯಾಂಕ್ ಸಾಲ. ಸಾಲಕ್ಕೆ ಎಸ್ಟಿಮೇಟು ಬೇಕು. ಬ್ಯಾಂಕಿನವರು ಎಸ್ಟಿಮೇಟು ನೋಡಿ ಸಾಲ ಮಂಜೂರು ಮಾಡಿದ ಮೇಲೆ "ಸ್ವಾಮಿ, ಇನ್ನೊಂದು ಐಟಂ ಬಿಟ್ಟೋಗಿತ್ತು" ಅಂದರೆ ನಡೆಯಲ್ಲ. ಬಿಟ್ಟದ್ದು ಮನೆಯವನ ಜೇಬಿನಿಂದಲೇ ಬರಬೇಕು. ಇವರ ಜೇಬು ಎಷ್ಟು ಆಳ ಅನ್ನೋದು ಅವರ ಮುಖ ನೋಡಿದರೇ ಗೊತ್ತಾಗ್ತಿತ್ತು.

ಅವರು ಒಂದು ಪೆನ್‌ಡ್ರೈವ್ ತಂದಿದ್ದರು. ಅದರಲ್ಲಿ ಎರಡು ಫೈಲು. ಒಂದು, ಬೆಂಗಳೂರಿನಲ್ಲಿ ಓದ್ತಿರೋ ಸಂಬಂಧಿಕರ ಹುಡುಗ ಬರೆದುಕೊಟ್ಟ ಪ್ಲಾನು, ಡಿಎಕ್ಸ್‌ಎಫ್ ಅನ್ನೋ ರೂಪದಲ್ಲಿ. ಇನ್ನೊಂದು, ಅದೇ ಬೀದಿಯಲ್ಲಿ ಕೆಲವು ವರ್ಷದ ಹಿಂದೆ ಕಟ್ಟಿದ ಮನೆಯೊಂದರ ಎಸ್ಟಿಮೇಟು, ಬೇರೆ ಯಾವುದೋ ಆಫೀಸಿನವರು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. "ಸಾರ್, ಹೆಚ್ಚುಕಮ್ಮಿ ಹಂಗೇ ಮನೆ, ರೇಟು ಮಾತ್ರ ಈಗಿಂದು ಹಾಕ್ಬುಟ್ರೆ ಆಯ್ತು" ಅಂದರು. ನಮ್ಮ ಹುಡುಗನಿಗಂತೂ ಖುಷಿ. ಎರಡೂ ಇಂಪೋರ್ಟ್ ಮಾಡಿದರೆ ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗೀತು ಅಂತ.

ಮೊದಲು ಪ್ಲಾನು. ಕ್ಲಿಕ್ ಮಾಡಿದ. "ಇಂಪೋರ್ಟ್ ಯಶಸ್ವಿ" ಅಂತ ಬಂತು. ಪರದೆ ಮೇಲೆ ನೋಡಿದರೆ ಮನೆಯ ಉದ್ದ 48 ಸೆಂಟಿಮೀಟರು, ಅಗಲ 24! ಹುಡುಗ ತಲೆ ಕೆರ್ಕೊಂಡ. ನಾನು ಅಂದೆ, "ಅಪ್ಪಾ, ಇದು ಮನೆ ಅಲ್ಲ, ಊಟದ ಮಣೆ."

ಕಾರಣ ಸರಳ. ಪ್ಲಾನು ಬರೆದ ಹುಡುಗ ಇಂಚಿನಲ್ಲಿ ಬರೆದಿದ್ದ. 20 ಅಡಿ ಅಂದರೆ 240 ಇಂಚು, 40 ಅಡಿ ಅಂದರೆ 480. ಡಿಎಕ್ಸ್‌ಎಫ್ ಫೈಲಿನಲ್ಲಿ ಗೆರೆಗಳ ಅಳತೆ ಬರೀ ಅಂಕಿಯಾಗಿ ಇರುತ್ತೆ. ಆ ಅಂಕಿ ಇಂಚೋ, ಮಿಲಿಮೀಟರೋ, ಮೀಟರೋ ಅಂತ ಹೇಳೋಕೆ ಫೈಲಿನ ತಲೆಭಾಗದಲ್ಲಿ ಒಂದು ಪುಟ್ಟ ಸಂಕೇತ ಇದೆ. 1 ಅಂದರೆ ಇಂಚು, 2 ಅಂದರೆ ಅಡಿ, 4 ಅಂದರೆ ಮಿಲಿಮೀಟರ್, 6 ಅಂದರೆ ಮೀಟರ್. 0 ಇದ್ದರೆ ಯಾವ ಮಾನವೂ ಹೇಳಿಲ್ಲ ಅಂತ. ಈ ಫೈಲಿನಲ್ಲಿ 0 ಇತ್ತು. ಸಾಫ್ಟ್‌ವೇರು ತನಗೆ ಅಭ್ಯಾಸ ಇರೋ ಮಿಲಿಮೀಟರ್ ಅಂತ ಹಿಡೀತು. ಉದ್ದದಲ್ಲಿ 25.4 ಪಟ್ಟು ವ್ಯತ್ಯಾಸ. ಏರಿಯಾದಲ್ಲಿ ಅದು 645 ಪಟ್ಟು, ಕಾಂಕ್ರೀಟಿನ ಘನ ಅಳತೆಗೆ ಬಂದರೆ 16 ಸಾವಿರ ಪಟ್ಟಿಗೂ ಹೆಚ್ಚು.

ನಗಬೇಡಿ, ಇದು ದೊಡ್ಡ ದೊಡ್ಡವರಿಗೂ ಆಗಿದೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ ಮಂಗಳದ ಹತ್ತಿರ ಹೋಗಿ ಕಳೆದೇಹೋಯ್ತು. ಒಂದು ಕಡೆಯ ಸಾಫ್ಟ್‌ವೇರು ಪೌಂಡಿನ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ತಗೊಂಡವರು ಅದನ್ನ ನ್ಯೂಟನ್ ಅಂದುಕೊಂಡಿದ್ದರು. ಅಂಕಿ ಸರಿಯಾಗೇ ದಾಟಿತ್ತು, ಮಾನ ದಾಟಿರಲಿಲ್ಲ. ಅಂದ ಹಾಗೆ ನಮ್ಮ ಚಳ್ಳಕೆರೆ ತಾಲ್ಲೂಕಿಗೂ ಈಗ ಬಾಹ್ಯಾಕಾಶದ ನಂಟಿದೆ. 2023ರ ಏಪ್ರಿಲ್ 2ರಂದು ಇಸ್ರೋದವರು ಮತ್ತೆ ಬಳಸಬಹುದಾದ ರೆಕ್ಕೆಯ ವಾಹನವನ್ನ ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನೇ ತಾನಾಗಿ ಬಂದು ರನ್‌ವೇ ಮೇಲೆ ಇಳಿದದ್ದು ಇಲ್ಲಿನ ಪರೀಕ್ಷಾ ಕೇಂದ್ರದಲ್ಲೇ. ಅವರ ಲೆಕ್ಕದಲ್ಲಿ ಅಡಿ-ಮೀಟರ್ ಗಲಿಬಿಲಿ ಆಗಿರಲಿಲ್ಲ ಅನ್ನೋದು ನಮಗೂ ಸಮಾಧಾನ :-)

ಮಣೆಯನ್ನ ಮನೆ ಮಾಡೋದು ಕಷ್ಟ ಅಲ್ಲ. ಮಾನ ಇಂಚು ಅಂತ ಹೇಳಿ ಮತ್ತೆ ಇಂಪೋರ್ಟ್ ಮಾಡಿದ್ವಿ, 800 ಚದರಡಿ ಸರಿಯಾಗಿ ಬಂತು. ಇಂಥ ದೊಡ್ಡ ಎಡವಟ್ಟಿಗೆ ನಾನು ಹೆದರಲ್ಲ. ಅದು ಕಣ್ಣಿಗೆ ರಾಚುತ್ತೆ. ಹೆದರಬೇಕಾದ್ದು ಕಣ್ಣಿಗೆ ಕಾಣದ್ದಕ್ಕೆ.

ಉದಾಹರಣೆಗೆ ಎರಡನೇ ಫೈಲು, ಅಂದರೆ ಹಳೇ ಎಸ್ಟಿಮೇಟು. ತೆಗೆದರೆ ಪರದೆ ತುಂಬಾ ತಲೆ ಮೇಲೆ ಟೋಪಿ ಹಾಕ್ಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು. ನಮ್ಮಲ್ಲಿ ಹಳಬರಿಗೆಲ್ಲ ಈ ದೃಶ್ಯ ಗೊತ್ತು. ನುಡಿ, ಬರಹಗಳ ಹಳೇ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸ್ಥಾನ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಬಾಡಿಗೆಗೆ ಇದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಆ ಟೋಪಿ ಸೈನ್ಯ. ನುಡಿಯಲ್ಲಿ 'ನ' ಅಕ್ಷರ ಕೂತಿದ್ದದ್ದೇ ಪೌಂಡ್ ಗುರುತಿನ ಜಾಗದಲ್ಲಿ. ಅವರನ್ನ ಬೈಯ್ಯೋದು ತಪ್ಪು ಮಾತ್ರ. 1998ರಲ್ಲಿ ಬರಹ ಬಂದಾಗ, ಆಮೇಲೆ ನುಡಿ ಬಂದಾಗ, ಕಂಪ್ಯೂಟರಿನಲ್ಲಿ ಕನ್ನಡ ಮೂಡುತ್ತೆ ಅನ್ನೋದೇ ನಮಗೆಲ್ಲ ಹಬ್ಬ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಆಫೀಸುಗಳ ತನಕ ಅದು ಬರೋಕೆ ಬಹಳ ವರ್ಷ ಹಿಡೀತು. ಅಲ್ಲೀವರೆಗೆ ಜಿಲ್ಲೆಯ ಎಷ್ಟೋ ಕಡತ, ಎಸ್ಟಿಮೇಟು, ಕರಾರು ಎಲ್ಲ ಆ ಬಾಡಿಗೆ ಮನೆಯಲ್ಲೇ ಇದ್ದವು.

ಫಾಂಟ್ ಬದಲಾಯಿಸೋ ತಂತ್ರಾಂಶ ಹಾಕಿ ಯುನಿಕೋಡ್ ಮಾಡಿದ್ವಿ. ಕನ್ನಡ ಬಂತು. ಆದರೆ ಎಸ್ಟಿಮೇಟು ಅಂದರೆ ಶುದ್ಧ ಕನ್ನಡ ಅಲ್ಲವಲ್ಲ? ಒಂದೇ ಸಾಲಿನಲ್ಲಿ ಕನ್ನಡದ ಜೊತೆ ಇಂಗ್ಲಿಷಿನಲ್ಲಿ ಕಾಂಕ್ರೀಟಿನ ದರ್ಜೆ, ಎಂ20 ಅಂತ. ಆ 'ಎಂ' ಅಕ್ಷರದ ಮನೆಯಲ್ಲಿ ನುಡಿಯ ಲೆಕ್ಕಕ್ಕೆ ಇರೋದು 'ಒ'. ತಂತ್ರಾಂಶಕ್ಕೆ ಯಾವುದು ಬಾಡಿಗೆಯವರು ಯಾವುದು ಸ್ವಂತದವರು ಗೊತ್ತಾಗಲ್ಲ. ಹೀಗಾಗಿ 'ಒ20 ಕಾಂಕ್ರೀಟ್' ಆಯ್ತು. ಓದೋ ಮನುಷ್ಯ ನಕ್ಕು ಸರಿ ಮಾಡ್ಕೋತಾನೆ. ಸಾಫ್ಟ್‌ವೇರು ಮಾತ್ರ ಎಂ20 ಹುಡುಕ್ತು, ಸಿಗಲಿಲ್ಲ, ಸುಮ್ಮನೆ ರೇಟಿನ ಜಾಗ ಖಾಲಿ ಬಿಟ್ಟು ಮುಂದೆ ಹೋಯ್ತು.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಹಳೇ ಶೀಟಿನಲ್ಲಿ ಐಟಂ ನಂಬರು 4.1 ಅಂದರೆ ಅಡಿಪಾಯದ ಕೆಳಗಿನ ಹಾಸು ಕಾಂಕ್ರೀಟ್. 4.10 ಅಂದರೆ ಸಜ್ಜಾ. ನಮಗೆ ಅವೆರಡೂ ಬೇರೆ, ನಾಲ್ಕನೇ ಭಾಗದ ಒಂದನೇದು, ನಾಲ್ಕನೇ ಭಾಗದ ಹತ್ತನೇದು. ಶೀಟಿಗೆ ಮಾತ್ರ ಅದು ದಶಮಾಂಶ ಸಂಖ್ಯೆ, ಕೊನೆಯ ಸೊನ್ನೆಗೆ ಬೆಲೆ ಇಲ್ಲ. 4.10 ಹೋಗಿ 4.1 ಆಗಿ ಕೂತಿತ್ತು. ಸಾಫ್ಟ್‌ವೇರು ಒಂದೇ ನಂಬರಿನ ಎರಡು ಐಟಂ ಕಂಡು, ಹಿಂದಿನದರ ಮೇಲೆ ಮುಂದಿನದನ್ನ ಬರೀತು. ಸಜ್ಜಾ ಉಳೀತು, ಹಾಸು ಕಾಂಕ್ರೀಟ್ ಹೋಯ್ತು. "45 ಐಟಂ ಯಶಸ್ವಿಯಾಗಿ ಇಂಪೋರ್ಟ್ ಆಗಿದೆ" ಅಂತ ಹಸಿರು ಬಣ್ಣದಲ್ಲಿ ತೋರಿಸ್ತು. ನಾನು ಯಾವತ್ತೂ ಮೂಲ ಫೈಲಿನ ಸಾಲುಗಳನ್ನ ಮೊದಲೇ ಎಣಿಸಿ ಚೀಟಿ ಮೇಲೆ ಬರೆದಿಟ್ಟುಕೊಳ್ತೀನಿ. ಚೀಟಿಯಲ್ಲಿ 46 ಇತ್ತು. ಆ ಒಂದನ್ನ ಹುಡುಕೋಕೆ ಹಿಡಿದದ್ದು ಅರ್ಧ ಗಂಟೆ.

ರೂಪಾಯಿ ಬರೆಯೋ ರೀತಿಯೂ ಹೀಗೇ ಕಾಡುತ್ತೆ. ನಾವು 1,25,000 ಅಂತ ಎರಡು ಅಲ್ಪವಿರಾಮ ಹಾಕಿ ಬರೀತೀವಿ. ಸಿಎಸ್‌ವಿ ಅನ್ನೋ ಫೈಲಿನಲ್ಲಿ ಒಂದು ಕಲಮಿನಿಂದ ಇನ್ನೊಂದನ್ನ ಬೇರೆ ಮಾಡೋದೇ ಅಲ್ಪವಿರಾಮ. ಆ ಮೊತ್ತಕ್ಕೆ ಉದ್ಧರಣ ಚಿಹ್ನೆಯ ಬೇಲಿ ಹಾಕದೇ ಹೋದರೆ ಒಂದೂಕಾಲು ಲಕ್ಷ ಮೂರು ಹೋಳಾಗಿ, ಮೊದಲ ಕಲಮಿನಲ್ಲಿ ಬರೀ 1 ರೂಪಾಯಿ ಉಳಿಯುತ್ತೆ. ನಮ್ಮ ಲಕ್ಷ-ಕೋಟಿ ಎಲ್ಲ ಅವರ ಕಣ್ಣಿಗೆ ಗೋಡೆ ಅಷ್ಟೇ.

ಇಷ್ಟನ್ನೂ ಸರಿ ಮಾಡಿದ ಮೇಲೆ ಪ್ರಿಂಟು ತೆಗೆದು ಯಜಮಾನರ ಮುಂದೆ ಇಟ್ಕೊಂಡು ಕೂತೆ. ಇದು ನನ್ನ ಹಳೇ ಪದ್ಧತಿ. ಮನೆ ಕಟ್ಟಿಸೋರಿಗೆ ಎಸ್ಟಿಮೇಟನ್ನ ಮೊದಲಿಂದ ಕೊನೇತನಕ ಗಟ್ಟಿಯಾಗಿ ಓದಿ ಹೇಳ್ತೀನಿ. ಕೆಲವರಿಗೆ ಬೇಜಾರಾಗುತ್ತೆ, "ಟೋಟಲ್ ಹೇಳಿ ಸಾರ್ ಸಾಕು" ಅಂತಾರೆ. ಬಿಡಲ್ಲ ನಾನು. ಪಾಯ ತೆಗೆಯೋದು ಇಷ್ಟು, ಹಾಸು ಕಾಂಕ್ರೀಟ್ ಇಷ್ಟು, ಸೈಜು ಕಲ್ಲು ಕಟ್ಟೋದು ಇಷ್ಟು, ಪ್ಲಿಂತ್ ಒಳಗೆ ಮಣ್ಣು ತುಂಬೋದು ಇಷ್ಟು, ನೆಲಹಾಸು ಇಷ್ಟು...

ನೆಲಹಾಸು ಅಂದ ಕೂಡಲೇ ಯಜಮಾನರು ಕೈ ಎತ್ತಿದರು. "ಸಾರ್, ನೆಲ ಎಲ್ಲಾ ಮುಚ್ಚಿಬಿಟ್ರಲ್ಲ. ಮಗ್ಗದ ಗುಂಡಿ ಎಲ್ಲಿ?"

ಗುಂಡಿ ಮಗ್ಗ ನೋಡದವರಿಗೆ ಹೇಳ್ತೀನಿ. ನೇಯೋರು ನೆಲದ ಮಟ್ಟದಲ್ಲೇ ಕೂತು, ಕಾಲು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿರೋ ತುಳಿಗೋಲುಗಳನ್ನ ತುಳಿದರೆ ಹಾಸಿನ ಎಳೆಗಳು ಮೇಲೆ ಕೆಳಗೆ ಆಗಿ ಲಾಳಿ ಹೋಗೋಕೆ ದಾರಿ ಬಿಡುತ್ತೆ. ಗುಂಡಿ ಇಲ್ಲದಿದ್ದರೆ ಆ ಮಗ್ಗ ಇಲ್ಲ. ಇವರ ಮನೆಯ ಮುಂದಿನ ಕೋಣೆ ಇರೋದೇ ಮಗ್ಗಕ್ಕೆ. ಪ್ಲಾನಿನಲ್ಲಿ ಅಲ್ಲಿ ಏನಿತ್ತು ಅಂದರೆ ಒಂದು ಚೌಕ, ಒಳಗೆ ಇಂಗ್ಲಿಷಿನಲ್ಲಿ 'ವರ್ಕ್ ರೂಮ್' ಅಂತ ಎರಡು ಪದ. ಅಷ್ಟೇ. ಹಳೇ ಎಸ್ಟಿಮೇಟಿನ ಮನೆಯವರು ನೇಯ್ಗೆಯವರಲ್ಲ, ಅಲ್ಲೂ ಗುಂಡಿ ಇರಲಿಲ್ಲ. ಎರಡೂ ಫೈಲು ಚೊಕ್ಕವಾಗಿ ಇಂಪೋರ್ಟ್ ಆದರೂ ಗುಂಡಿ ಬರೋಕೆ ಸಾಧ್ಯವೇ ಇರಲಿಲ್ಲ. ಯಾಕೆ ಬರುತ್ತೆ ಹೇಳಿ? ಯಾರೂ ಬರೆದೇ ಇರಲಿಲ್ಲ.

ನಾನು ಕೇಳಿದೆ, "ಯಜಮಾನ್ರೇ, ಮಗ್ಗದ ಮೇಲೆ ಜಕಾರ್ಡ್ ಕೂರಿಸ್ತೀರಾ?"

"ಹೂಂ ಮತ್ತೆ. ಅದಿಲ್ದೆ ಸೆರಗು ಎಂಗೆ ಬರುತ್ತೆ?"

ಅಲ್ಲಿಗೆ ಎರಡನೇದೂ ಗೊತ್ತಾಯ್ತು. ಜಕಾರ್ಡ್ ಪೆಟ್ಟಿಗೆ ಕೂರೋದು ಮಗ್ಗದ ನೆತ್ತಿ ಮೇಲೆ. ಅದಕ್ಕೆ ಸೂರು ಎತ್ತರ ಬೇಕು, ರಿಪೇರಿಗೆ ಮನುಷ್ಯ ಹತ್ತಿ ಕೈಯಾಡಿಸೋಕೆ ಜಾಗ ಬೇಕು. ಅವರು ಕೇಳಿದ್ದು 12 ಅಡಿ. ಸಾಫ್ಟ್‌ವೇರು ಎಲ್ಲಾ ಕೋಣೆಗೂ ಹಾಕಿಕೊಂಡಿದ್ದು 10 ಅಡಿ. ಚಪ್ಪಟೆ ಪ್ಲಾನಿನಲ್ಲಿ ಎತ್ತರ ಅನ್ನೋದೇ ಇರಲ್ಲವಲ್ಲ, ಅದು ತಾನೇ ಒಂದು ಎತ್ತರ ಊಹೆ ಮಾಡ್ಕೊಂಡಿತ್ತು. ಕೆಳಗೆ ಗುಂಡಿ, ಮೇಲೆ ಎತ್ತರ. ಆ ಮನೆ ನೇಕಾರನ ಮನೆ ಅನ್ನಿಸಿಕೊಳ್ಳೋಕೆ ಬೇಕಾದ್ದೆರಡೂ ಪ್ಲಾನಿನ ಗೆರೆಗೆ ಕಾಣದ ಕಡೆ ಇದ್ದವು.

ಕೂತು ಲೆಕ್ಕ ಹಾಕಿದ್ವಿ. ಮಗ್ಗದ ಕೋಣೆ 12 ಅಡಿಗೆ 16 ಅಡಿ. ಒಳಸುತ್ತಳತೆ 56 ಅಡಿ. ಎರಡಡಿ ಏರಿಸಿದರೆ 112 ಚದರಡಿ ಗೋಡೆ ಹೆಚ್ಚು. ಒಂಬತ್ತು ಇಂಚಿನ ಗೋಡೆಗೆ ಅದು 84 ಘನ ಅಡಿ, ಅಂದರೆ ಸುಮಾರು 2.4 ಘನ ಮೀಟರ್ ಕಟ್ಟಡ. ಎರಡು ಮಗ್ಗುಲಿಗೂ ಗಾರೆ ಬೇರೆ. ಗುಂಡಿ ನಾಲ್ಕಡಿ, ಮೂರಡಿ, ಎರಡೂವರೆ ಅಡಿ ಆಳ, ಒಟ್ಟು 30 ಘನ ಅಡಿ. ತೋಡೋದು ದೊಡ್ಡದಲ್ಲ. ಸುತ್ತ ಕಲ್ಲು ಕಟ್ಟಬೇಕು, ನೀರು ಜಿನುಗದ ಹಾಗೆ ಗಾರೆ ಮಾಡಬೇಕು. ಎಲ್ಲ ಸೇರಿ ನಲವತ್ತು ಸಾವಿರ ರೂಪಾಯಿ ದಾಟ್ತು. ನಿಮಗೆ ನಮಗೆ ಅದು ದೊಡ್ಡದೋ ಸಣ್ಣದೋ, ಸಾಲ ಮಂಜೂರಾದ ಮೇಲೆ ಆ ಮೊತ್ತ ಕೈಯಿಂದ ಹೊಂದಿಸೋಕೆ ಅವರು ಎಷ್ಟು ಸೀರೆ ನೇಯಬೇಕಿತ್ತೋ ಅವರೇ ಬಲ್ಲರು. ಅದಕ್ಕಿಂತ ಹೆಚ್ಚಿಗೆ, ನೆಲಹಾಸು ಮುಗಿದ ಮೇಲೆ ಒಡೆದು ಗುಂಡಿ ತೋಡೋದು, ಸೂರು ಹಾಕಿದ ಮೇಲೆ ಎತ್ತರ ಸಾಲದು ಅನ್ನೋದು... ಸೂರನ್ನ ಏರಿಸೋಕಾಗುತ್ತಾ? ಮಗ್ಗ ಕೂರದ ಮನೆಗೆ ತಿಂಗಳು ತಿಂಗಳು ಕಂತು ಕಟ್ಟೋದು ಯಾವುದರಿಂದ?

ಅವತ್ತಿಂದ ನಂಗೆ ಒಂದು ಮಾತು ಖಚಿತವಾಗಿದೆ. ಇಂಪೋರ್ಟಿನಲ್ಲಿ ಆಗೋ ತೊಂದರೆ ಎರಡು ಥರ. ಬರೆದದ್ದು ಕೆಟ್ಟು ಬರೋದು ಒಂದು. ಮಾನ ತಪ್ಪಬಹುದು, ಅಕ್ಷರ ಕೆಡಬಹುದು, ಸಾಲು ಕಳೆಯಬಹುದು. ಇದನ್ನ ಹಿಡಿಯೋಕೆ ಉಪಾಯ ಇದೆ. ಮೊದಲು ಸಾಲು ಎಣಿಸಿ, ಹಳೇ ಟೋಟಲ್ಲು ಹೊಸ ಟೋಟಲ್ಲು ಪಕ್ಕಪಕ್ಕ ಇಟ್ಟು ನೋಡಿ, ಯಾವುದಾದರೂ ಒಂದು ಕೋಣೆಯನ್ನ ಕೈಲೆಕ್ಕ ಹಾಕಿ ತಾಳೆ ನೋಡಿ, ಐಟಂ ನಂಬರಿನ ಕಲಮನ್ನ ಅಂಕಿ ಅಂತ ಅಲ್ಲ ಅಕ್ಷರ ಅಂತ ಗುರುತು ಮಾಡಿ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ಸಿಕ್ಕಿಬೀಳುತ್ತೆ. ಎರಡನೇದು, ಯಾರೂ ಬರೆಯದೇ ಇದ್ದದ್ದು. ಎಲ್ಲರಿಗೂ ಗೊತ್ತು ಅನ್ನೋ ಕಾರಣಕ್ಕೇ ಬರೆಯದೇ ಉಳಿದದ್ದು. ಮೊಳಕಾಲ್ಮೂರಿನಲ್ಲಿ ನೇಕಾರನ ಮನೆಗೆ ಗುಂಡಿ ಬೇಕು ಅಂತ ಯಾರಾದರೂ ಹೇಳಬೇಕಾ? ಅಲ್ಲಿನ ಮೇಸ್ತ್ರಿಗೆ ಹೇಳಬೇಕಿಲ್ಲ. ಫೈಲಿಗೆ ಹೇಳಲೇಬೇಕು. ಅದನ್ನ ಹಿಡಿಯೋಕೆ ಆ ಮನೇಲಿ ಬದುಕೋರ ಮುಂದೆ ಕೂತು ಓದೋದು ಬಿಟ್ಟರೆ ಬೇರೆ ದಾರಿ ನಾನಂತೂ ಕಂಡಿಲ್ಲ.

ಬರೀ ಮನೆಯ ವಿಷಯ ಅಲ್ಲ, ಅಳೆಯೋ ನಿಯಮದ್ದೂ ಇದೇ ಕಥೆ. ಗಾರೆ ಕೆಲಸ ಅಳೆಯುವಾಗ ಕಿಟಕಿ ಬಾಗಿಲನ್ನ ಕಳೀಬೇಕಾ ಬೇಡವಾ ಅಂತ ಮೇಸ್ತ್ರಿಗಳ ಜಗಳ ನೀವು ಕೇಳಿರಬಹುದು. ಅದಕ್ಕೆ ಐಎಸ್ 1200 ಅಂತ ಭಾರತೀಯ ಮಾನಕವೇ ಇದೆ. ಅರ್ಧ ಚದರ ಮೀಟರ್ ತನಕದ ಕಿಂಡಿ ಆದರೆ ಏನೂ ಕಳೆಯೋ ಹಾಗಿಲ್ಲ. ಅದಕ್ಕಿಂತ ದೊಡ್ಡದು, ಮೂರು ಚದರ ಮೀಟರ್ ಒಳಗಿನದು ಆದರೆ ಒಂದು ಮಗ್ಗುಲಿಗೆ ಮಾತ್ರ ಕಳೀಬೇಕು. ಮೂರು ದಾಟಿದರೆ ಎರಡೂ ಮಗ್ಗುಲಿಗೆ ಕಳೆದು, ಬಾಗಿಲ ಸಂದಿನ ಗಾರೆಯನ್ನ ಸೇರಿಸಬೇಕು. ಕಿಂಡಿ ಸುತ್ತ ಅಂಚು ಎತ್ತೋ ಶ್ರಮಕ್ಕೆ ಇದು ಸಿಗೋ ಕೂಲಿ. ಪ್ಲಾನಿನಿಂದ ನೇರವಾಗಿ ಏರಿಯಾ ಹಿಡಿಯೋ ಸಾಫ್ಟ್‌ವೇರಿಗೆ ಈ ನಿಯಮ ಹೇಳಿಕೊಡದಿದ್ದರೆ ಅದು ಎಲ್ಲಾ ತೂತನ್ನೂ ಕಳೆದು ಕೂರುತ್ತೆ. ಆ ನಷ್ಟ ಬೀಳೋದು ಗಾರೆಯವನ ಮೇಲೆ. "ಮಾಡಿದಷ್ಟು ನೀಡು ಭಿಕ್ಷೆ" ಅಂತ ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ಮಾತಿದೆ, ಕೆರೆ ಕಟ್ಟಿಸಿದವರು ಅವರು. ಅಳತೆ ತಪ್ಪಿದರೆ ಮಾಡಿದಷ್ಟು ನೀಡೋದು ಹೇಗೆ?

ಹೊಸ ಥರದ ಫೈಲುಗಳು ಬಂದಿವೆ, ಅದನ್ನೂ ಹೇಳಬೇಕು. ಐಎಫ್‌ಸಿ ಅನ್ನೋ ಮುಕ್ತ ಮಾನಕ 2013ರಲ್ಲಿ ಐಎಸ್‌ಒ 16739 ಆಯ್ತು. ಅದರಲ್ಲಿ ಗೋಡೆ ಅಂದರೆ ನಾಲ್ಕು ಗೆರೆ ಅಲ್ಲ, ಗೋಡೆಯೇ. ಅದರ ಎತ್ತರ, ದಪ್ಪ, ಯಾವುದರಲ್ಲಿ ಕಟ್ಟಿದ್ದು, ಅಳತೆಯ ಮಾನ ಎಲ್ಲವನ್ನೂ ಫೈಲಿನ ಒಳಗೇ ಇಡಬಹುದು. ಅಂಥದ್ದು ಬಂದಿದ್ದರೆ ನಮ್ಮ ಮಣೆಯ ತಮಾಷೆ ನಡೀತಿರಲಿಲ್ಲ. ಆದರೆ ಗುಂಡಿ? ಬೆಂಗಳೂರಿನಲ್ಲಿ ಕೂತು ಬರೆದ ಹುಡುಗನಿಗೆ ಅದು ಬೇಕು ಅಂತ ಹೊಳೆಯದಿದ್ದರೆ ಯಾವ ಐಎಸ್‌ಒ ತಾನೇ ತೋಡಿಕೊಡುತ್ತೆ!

ಇಷ್ಟೆಲ್ಲ ಆದ ಮೇಲೆ ಸೈಟು ನೋಡೋಕೆ ಮೊಳಕಾಲ್ಮೂರಿಗೆ ಹೋಗಿದ್ದೆ. ಹೋದವನು ಹಾಗೇ ಬ್ರಹ್ಮಗಿರಿ ಕಡೆಗೂ ಹೋದೆ. ಗೊತ್ತಲ್ಲ, ಅಶೋಕನ ಶಾಸನ ಇರೋ ಜಾಗ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಈ ಒಂದೇ ತಾಲ್ಲೂಕಿನಲ್ಲಿ ಮೂರು ಕಡೆ ಕಲ್ಲಿನ ಮೇಲೆ ಅಶೋಕನ ಕಿರುಶಾಸನ ಇದೆ. ಬಿ.ಎಲ್. ರೈಸ್ ಅವನ್ನ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಆಜ್ಞೆ ತಿಳಿಸೋ ಪತ್ರ ಅದು. ಮೇಲಿನ ಆಫೀಸಿನಿಂದ ಬಂದ ಸರ್ಕ್ಯುಲರ್ರೇ ಅನ್ನಿ!

ಅದನ್ನ ಬರೆದವನ ಹೆಸರು ಚಪಡ. ಕೊನೆಯಲ್ಲಿ ತನ್ನ ಹೆಸರು ಹಾಕಿದ್ದಾನೆ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಎಡದಿಂದ ಬಲಕ್ಕೆ. ಆದರೆ 'ಲಿಪಿಕಾರ' ಅಂತ ತನ್ನ ಕಸುಬು ಹೇಳಿಕೊಳ್ಳೋ ಆ ಒಂದು ಪದವನ್ನ ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಇಲ್ಲಿಂದ ಸಾವಿರಾರು ಮೈಲಿ ದೂರ. ಒಂದೇ ಫೈಲಿನಲ್ಲಿ ಎರಡು ಎನ್‌ಕೋಡಿಂಗು! ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ! ನಮ್ಮ 'ಒ20 ಕಾಂಕ್ರೀಟ್' ನೆನಪಾಗಿ ಅಲ್ಲೇ ನಗು ಬಂತು.

ನಗು ನಿಂತ ಮೇಲೆ ಇನ್ನೊಂದು ಯೋಚನೆ ಬಂತು. ಬ್ರಾಹ್ಮಿಯನ್ನ ಓದೋದು ಜನಕ್ಕೆ ಪೂರ್ತಿ ಮರೆತುಹೋಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನ ಬಿಡಿಸೋ ತನಕ ಅದು ಬರೀ ಗೀಟು. ಅಕ್ಷರ ಕಲ್ಲಿನ ಮೇಲೆ ಗಟ್ಟಿಯಾಗೇ ಇತ್ತು, ಓದೋ ಕೀಲಿ ಕಳೆದಿತ್ತು. ಕಲ್ಲಿಗೆ ಹಾಗಾಗೋಕೆ ನೂರಾರು ವರ್ಷ ಬೇಕಾಯ್ತು. ನಮ್ಮ ಪೆನ್‌ಡ್ರೈವಿನ ಫೈಲಿಗೆ ಹದಿನೈದು ವರ್ಷ ಸಾಕಾಯ್ತಲ್ರೀ!

ಯಜಮಾನರ ಎಸ್ಟಿಮೇಟು ಗುಂಡಿ, ಎತ್ತರ ಎಲ್ಲ ಸೇರಿ ಬ್ಯಾಂಕಿಗೆ ಹೋಯ್ತು, ಸಾಲವೂ ಮಂಜೂರಾಯ್ತು. ಪ್ಲಿಂತ್ ತುಂಬೋ ದಿನ ಅವರೇ ನಿಂತು ಗುಂಡಿಗೆ ದಾರ ಹಿಡಿದು ಗುರುತು ಮಾಡಿಸಿದರಂತೆ, ಮೇಸ್ತ್ರಿ ಫೋನು ಮಾಡಿ ಹೇಳಿದ. ನಮ್ಮ ಸಾಫ್ಟ್‌ವೇರಿನ ಐಟಂ ಪಟ್ಟಿಯಲ್ಲೂ ಈಗ ಒಂದು ಹೊಸ ಸಾಲು ಸೇರಿದೆ, 'ಮಗ್ಗದ ಗುಂಡಿ, ಕಲ್ಲುಕಟ್ಟಡ ಮತ್ತು ಗಾರೆ ಸಮೇತ, ಒಂದಕ್ಕೆ' ಅಂತ. ಯುನಿಕೋಡಿನಲ್ಲಿ. ನಂಬರು ಮಾತ್ರ ಸೊನ್ನೆಯಲ್ಲಿ ಮುಗಿಯದ ಹಾಗೆ ನೋಡ್ಕೊಂಡಿದ್ದೀನಿ :-)

ಇನ್ನು ನಿಮ್ಮ ಸರದಿ. ನಿಮ್ಮ ಹತ್ತಿರವೂ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಟ್ಟ ಹಳೇ ಕಥೆ, ಕವನ, ಅಪ್ಪನ ಪತ್ರ, ಮನೆ ಕರಾರು ಏನಾದರೂ ಇದ್ದೇ ಇರುತ್ತೆ. ಈ ವಾರ ಒಮ್ಮೆ ತೆಗೆದು ನೋಡಿ. ಟೋಪಿ ಸೈನ್ಯ ಕಂಡರೆ ಗಾಬರಿ ಬೇಡ, ನಮ್ಮ ಹುಡುಗನ ಹತ್ರ ಹಳೇ ಫಾಂಟುಗಳೆಲ್ಲ ಇವೆ, ಕಳಿಸಿಕೊಡ್ತೀನಿ. ಬದಲಾಯಿಸಿದ ಮೇಲೆ ಒಂದ್ಸಲ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ನಡುವೆ ಎಲ್ಲಾದರೂ 'ಒ' ಇಣುಕಿದರೆ ನನಗೂ ತಿಳಿಸಿ, ನಗೋಕೆ ಜೊತೆ ಬೇಕು.